ಎಲ್ಲ ಅಮ್ಮಂದಿರೂ ಬದುಕಿದ್ದ ಕಪಾಟು

ನಾನು ನಿವೃತ್ತಳಾದ ಮೇಲೆ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಇಬ್ಬರೂ ಲೈಬ್ರರಿ ಕೆಲಸಕ್ಕೆ ಹೊಸದಾಗಿ ಸೇರಿದವರು. ಕಾಫಿ ಕುಡಿಯುತ್ತ ಒಬ್ಬಳು, "ಮಕ್ಕಳ ಪುಸ್ತಕ ಆರಿಸೋದೇನು ಕಷ್ಟ ಇಲ್ಲ ಅಲ್ವಾ ಮೇಡಂ? ಚಿತ್ರ ಇರಬೇಕು, ನೀತಿ ಇರಬೇಕು, ಅಷ್ಟೇ ತಾನೆ?" ಅಂದಳು. ನಾನು ನಕ್ಕು, ಇನ್ನೆರಡು ಚಕ್ಕುಲಿ ಕೈಗಿಟ್ಟು ಕಳಿಸಿದೆ. ಅವರು ಹೋದ ಮೇಲೆ ಮನಸ್ಸು ಕೊರೆಯಿತು. ಆ ವಯಸ್ಸಿನಲ್ಲಿ ನನಗೂ ಹಾಗೇ ಅನ್ನಿಸಿತ್ತು. ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು. ಅವತ್ತು ಚಕ್ಕುಲಿಯ ಬದಲು ಕೊಡಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಡುತ್ತೇನೆ. ಆ ಆದೇಶದ ಕಾಗದಗಳು ಟ್ರಂಕಿನಲ್ಲಿವೆ, ಗೆದ್ದಲು ಓದಿಕೊಳ್ಳಲಿ. ಹಾಸನದಲ್ಲಿ ಕೆಲಸ ಕಲಿತೆ. ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿ ಕೊನೆಗೆ ಹೊಳೆನರಸೀಪುರಕ್ಕೆ ಬಂದೆ. ನನ್ನ ದೊಡ್ಡ ತಪ್ಪು ನಡೆದದ್ದು ಅಲ್ಲಿ, ಅನುಭವ ತುಂಬಿ ತುಳುಕುತ್ತಿದ್ದ ಕಾಲದಲ್ಲಿ. ಹೊಸಬರು ಮಾಡುವ ತಪ್ಪನ್ನು ಯಾರಾದರೂ ತಿದ್ದುತ್ತಾರೆ. ಹಳಬರು ಮಾಡಿದರೆ ಅದನ್ನು ಪದ್ಧತಿ ಅನ್ನುತ್ತಾರೆ.

ಹಾಸನದಲ್ಲಿ ನನ್ನ ಮೊದಲ ಮೇಲಧಿಕಾರಿ ನಂಜುಂಡಯ್ಯನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಸದಾ ಹರಳೆಣ್ಣೆ ಕುಡಿದವರ ಗಾಂಭೀರ್ಯ. ಅವರು ನಕ್ಕಿದ್ದನ್ನು ನಾನು ಎರಡೇ ಸಲ ನೋಡಿದ್ದು, ಎರಡು ಸಲವೂ ನಾನೇ ಏನೋ ಎಡವಟ್ಟು ಮಾಡಿದ್ದೆ. ಪ್ರಕಾಶಕರು ಕಳಿಸಿದ ಮಕ್ಕಳ ಪುಸ್ತಕಗಳ ಕಟ್ಟು ಬಿಚ್ಚಿ ನನ್ನ ಮುಂದೆ ರಾಶಿ ಹಾಕಿದ ದಿನ ಅವರು ಒಂದು ಉಪಾಯ ಹೇಳಿಕೊಟ್ಟರು.

"ಕಷ್ಟದ ಕಥೆ ಬಂದ್ರೆ ಹಿಂದಿನಿಂದ ಓದಮ್ಮ. ಕಷ್ಟ ಎಷ್ಟಾದ್ರೂ ಬರಲಿ, ಕೊನೇ ಪುಟದಲ್ಲಿ ಮಗು ನಗ್ತಾ ಇದೆಯಾ ನೋಡು. ನಗ್ತಿದ್ರೆ ಪಟ್ಟಿಗೆ ಸೇರಿಸು. ಅಳ್ತಿದ್ರೆ ವಾಪಸ್ ಕಟ್ಟು."

ಈಗ ನಗು ಬರುತ್ತದೆ. ಆದರೆ ಅವರನ್ನು ಆಡಿಕೊಳ್ಳಲಾರೆ. ಇಡೀ ಜಿಲ್ಲೆಯ ಮಕ್ಕಳಿಗೆ ಪುಸ್ತಕ ಆರಿಸಲು ಅವರಿಗೆ ಸಿಗುತ್ತಿದ್ದದ್ದು ಕೆಲವೇ ದಿನ. ಅದರ ನಡುವೆಯೂ, "ರುಚಿ ನೋಡದೆ ಬಡಿಸಬೇಡ. ನೀನು ಓದದ ಪುಸ್ತಕ ಮಗುವಿನ ಕೈಗೆ ಹೋಗಕೂಡದು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾನು ಆ ಮಾತನ್ನು ಕೊನೆಯ ದಿನದವರೆಗೂ ಉಳಿಸಿಕೊಂಡೆ. ಅವರ ಋಣ ದೊಡ್ಡದು. ಅವರ ಕೊನೇ ಪುಟದ ನಿಯಮವನ್ನು ಮಾತ್ರ ಬಿಡಬೇಕಾಯಿತು, ಬಿಡಲು ಬಹಳ ವರ್ಷ ಹಿಡಿಯಿತು.

ಅರಕಲಗೂಡಿನಲ್ಲಿ ನಾನು ಬಾಡಿಗೆಗಿದ್ದ ವಠಾರದಲ್ಲಿ ಪಕ್ಕದ ಮನೆಯವರದು ದೊಡ್ಡ ಕುಟುಂಬ. ಅವರೆಕಾಯಿ ಕಾಲ ಬಂತೆಂದರೆ ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ನೆನೆಸಿದ ಕಾಳಿನ ಬೋಗುಣಿ ಬರುತ್ತಿತ್ತು. ಹಿತಕಿದ ಬೇಳೆ ಸಾರು ಉಣ್ಣುವುದು ಎಷ್ಟು ಸುಖವೋ ಬೇಳೆ ಹಿತಕುವುದು ಅಷ್ಟೇ ಬೇಸರದ ಕೆಲಸ. ಒಂದೊಂದೇ ಕಾಳನ್ನು ಹೆಬ್ಬೆರಳಿನಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಆ ಮನೆಯ ಸೊಸೆ ಬೆರಳಿಗೆ ಏಟು ಮಾಡಿಕೊಂಡಿದ್ದರಿಂದ ಒಂದು ಭಾನುವಾರ ಅವಳಿಗೆ ಕೆಲಸ ಇರಲಿಲ್ಲ. ನನ್ನಿಂದ ತೆಗೆದುಕೊಂಡಿದ್ದ ಒಂದು ಮಕ್ಕಳ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತ ಕುಳಿತಳು. ಹೊಳೆ ಬಂದು ಮನೆ ಕಳೆದುಕೊಂಡ ಅಣ್ಣ ತಂಗಿಯ ಕಥೆ. ಮಕ್ಕಳು, ಗಂಡ, ಮಾವ, ಎಲ್ಲರೂ ತಲೆ ತಗ್ಗಿಸಿಕೊಂಡು ಬೇಳೆ ಹಿತಕುತ್ತ ಕೇಳಿದರು. ಇಡೀ ವಠಾರ ಹೆದರುತ್ತಿದ್ದ ಅವಳ ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ನಿಲ್ಸಬ್ಯಾಡ ಕಣವ್ವ, ಓದು. ಆ ಕೂಸು ಏನಾಯ್ತು ನೋಡುವ" ಅಂದಳು.

ನಾನು ಕಂಬಕ್ಕೊರಗಿ ನಿಂತು ನೋಡುತ್ತಿದ್ದೆ. ಕಷ್ಟದ ಕಥೆಯನ್ನು ಮನೆಮಂದಿ ಒಟ್ಟಿಗೆ ಕೇಳಬೇಕಾದರೆ ಕೈಗೊಂದು ಕೆಲಸ ಬೇಕು ಎಂದು ನನಗೆ ಅವತ್ತು ತಿಳಿಯಿತು. ಕೈ ಬೋಗುಣಿಯಲ್ಲಿದ್ದರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಳು ಬಂದವರು ಅಳಬಹುದು, ಕೆಮ್ಮಿ ಮರೆಸಬಹುದು. ಅಲ್ಲಿಂದ ನಾನು ಪ್ರತಿ ವರ್ಷ 'ಅವರೆ ಕಾಲದ ಪುಸ್ತಕ' ಎಂದು ಒಂದು ಪಟ್ಟಿ ಮಾಡಿದೆ. ಒಂದು ಸೇರು ನೆನೆಸಿದ ಕಾಳು ಹಿತಕುವಷ್ಟರಲ್ಲಿ ಹದಿನೈದು ಪುಟ ಓದಬಹುದು. ಅದಕ್ಕಿಂತ ಉದ್ದದ ಅಧ್ಯಾಯವಿದ್ದರೆ ಆ ಪುಸ್ತಕ ನನ್ನ ಪಟ್ಟಿಗೆ ಬರುತ್ತಿರಲಿಲ್ಲ. ನಗಬೇಡಿ, ಇದು ಯಾವ ಡಿಪ್ಲೊಮಾದಲ್ಲೂ ಹೇಳಿಕೊಡದ ವಿದ್ಯೆ.

ಚನ್ನರಾಯಪಟ್ಟಣದಲ್ಲಿ ನನ್ನ ಪಟ್ಟಿಗೆ ಪೆಟ್ಟು ಬಿತ್ತು. ಕೊಟ್ಟವಳು ಶ್ರವಣಬೆಳಗೊಳದ ಒಂದು ಲಾಡ್ಜಿನಲ್ಲಿ ಯಾತ್ರಿಕರ ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸು. ರಜೆಯ ದಿನ ಬಸ್ಸಿನಲ್ಲಿ ಬಂದು ಮಗಳಿಗೆ ಪುಸ್ತಕ ಒಯ್ಯುತ್ತಿದ್ದಳು, ಇಬ್ಬರೂ ಕೂಡಿ ಓದುತ್ತಿದ್ದರು. ನಾನು ಹೆಮ್ಮೆಯಿಂದ ಆರಿಸಿ ಕೊಡುತ್ತಿದ್ದದ್ದು ಗೊತ್ತಲ್ಲ, ಬೀದಿ ದೀಪದಲ್ಲಿ ಓದಿದ ಬಡ ಮಗು ಕೊನೇ ಪುಟದಲ್ಲಿ ದೊಡ್ಡ ಸಾಹೇಬನಾಗಿ ಕಾರಿನಿಂದ ಇಳಿಯುವ ಕಥೆಗಳು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನೇ ಎಂಬತ್ತು ಪುಟಕ್ಕೆ ಹಿಗ್ಗಿಸಿದ್ದವು. ನಾಲ್ಕೋ ಐದೋ ಆದ ಮೇಲೆ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದಳು.

"ನಾನೂ ಬುಡ್ಡಿ ದೀಪದಾಗೆ ಓದ್ದೋಳೇಯ ಮೇಡಂ. ಎಸ್ಸೆಸೆಲ್ಸಿ ಫೇಲಾದೆ. ನನ್ ಮಗ್ಳು ಕೇಳ್ತಾಳೆ, ಅವ್ವ ನೀನು ಸರ್ಯಾಗಿ ಓದ್ನಿಲ್ವಾ ಅಂತ. ಫೇಲಾಗೂ ಬಾಳ್ವೆ ಮಾಡ್ತಾವ್ರಲ್ಲ, ಅಂತೋರ್ ಕಥೆ ಇಲ್ವಾ?"

ನನ್ನ ಹತ್ತಿರ ಇರಲಿಲ್ಲ. ಇದ್ದವನ್ನೂ ಕೊನೇ ಪುಟ ನೋಡಿ ವಾಪಸ್ ಕಟ್ಟಿದ್ದೆ. ಅವಳಿಗೆ ನಾನು ಇಂದಿಗೂ ಕೃತಜ್ಞಳು. ಅವಳ ದೆಸೆಯಿಂದ ಗೆಲ್ಲುವ ಮಕ್ಕಳ ಜೊತೆಗೆ ಸುಮ್ಮನೆ ತಾಳಿಕೊಂಡ ಮಕ್ಕಳ ಕಥೆಗಳನ್ನೂ ಹುಡುಕಿ ತರಿಸತೊಡಗಿದೆ. ಆದರೆ ಹುಡುಕಿ ತರುವುದು ಬೇರೆ, ಧೈರ್ಯವಾಗಿ ಕೊಡುವುದು ಬೇರೆ. ಅದನ್ನು ಕಲಿಯಲು ಇನ್ನೊಂದು ಊರು ಬೇಕಾಯಿತು.

ಹೊಳೆನರಸೀಪುರಕ್ಕೆ ಬರುವಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಕಾರ್ಡಿನ ಮರದ ಡ್ರಾಯರುಗಳು ಹೋಗಿ ಕಂಪ್ಯೂಟರು ಬಂದಿತ್ತು. ತಾಯಂದಿರು ಮೊಬೈಲಿನಲ್ಲೇ ಬೇಡಿಕೆ ಕಳಿಸುತ್ತಿದ್ದರು. 'ಮೇಡಂ, ಮಗನಿಗೆ ಎಂಟು ವರ್ಷ, ಕಷ್ಟ ಎದುರಿಸೋ ಶಕ್ತಿ ಬರಬೇಕು, ಆದರೆ ಅಳಿಸೋ ಪುಸ್ತಕ ಬೇಡ.' ಈಜು ಬರಬೇಕು, ಮೈ ಮಾತ್ರ ಒದ್ದೆಯಾಗಬಾರದು ಅಂದ ಹಾಗೆ. ನಾನು ಅವರನ್ನು ನೋಡಿ ನಗುತ್ತಿದ್ದೆ, ಆದರೆ ನನ್ನದೂ ಅದೇ ಕಥೆ. ನನ್ನ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು ಇತ್ತು. ತಾಯಿಯೋ ತಂದೆಯೋ ತೀರಿಕೊಳ್ಳುವ, ಕೊನೆಯಲ್ಲಿ ಎಲ್ಲ ಸರಿಹೋಗದ ಮಕ್ಕಳ ಪುಸ್ತಕಗಳನ್ನು ಅದರಲ್ಲಿಟ್ಟು ಬೀಗ ಹಾಕುತ್ತಿದ್ದೆ. ಓದಿದ್ದೆ, ಮೆಚ್ಚಿದ್ದೆ, ನಾನೇ ಹಟ ಹಿಡಿದು ತರಿಸಿದ್ದೆ. 'ಸಮಯ ನೋಡಿ ಕೊಡೋಣ' ಎಂದು ಇಟ್ಟದ್ದು. ಆ ಸಮಯ ಬರುತ್ತಲೇ ಇರಲಿಲ್ಲ.

ಒಂದು ಶನಿವಾರ ಪುಟ್ಟಮ್ಮ ಎಂಬ ಅಜ್ಜಿ ಐದನೇ ಕ್ಲಾಸಿನ ಮೊಮ್ಮಗಳ ಕೈ ಹಿಡಿದು ಬಂದಳು. ಹುಡುಗಿಯ ಹೆಸರು ಸಿಂಚನಾ. ಎಣ್ಣೆ ಹಾಕಿ ಬಿಗಿಯಾಗಿ ಎಳೆದು ಕಟ್ಟಿದ ಎರಡು ಜಡೆ, ನೆಲ ನೋಡುವ ಕಣ್ಣು. ಅವಳನ್ನು ಮಕ್ಕಳ ಮೇಜಿಗೆ ಕಳಿಸಿ ಅಜ್ಜಿ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದಳು.

"ನಗಾಡೋ ಪುಸ್ತಕ ಏನಾರ ಇದ್ರೆ ಕೊಡಿ ತಾಯಿ. ಅವ್ರವ್ವ ಓಗಿ ಆರು ತಿಂಗ್ಳಾಯ್ತು. ಹಾಸನದ ಆಸ್ಪತ್ರೇಲಿ ನಾಕು ತಿಂಗ್ಳು ಇದ್ಲು. ಆಗ ಈ ಕೂಸು ನಮ್ಮೂರು ಹಳೇಕೋಟೇಲಿ ನನ್ ತಾವಿತ್ತು. ಈಗ ನಾನೇ ಇಲ್ಲಿ ಬಂದಿವ್ನಿ. ಅವಳ್ ಮುಂದೆ ಅವ್ವನ್ ಸುದ್ದಿ ಎತ್ತಬ್ಯಾಡ ಅಂತ ನಮ್ ಕುಮಾರ ಏಳವ್ನೆ. ನಾವ್ಯಾರೂ ಎತ್ತಾಕಿಲ್ಲ. ಇವ್ಳು ಮಾತೇ ಬುಟ್ಟವ್ಳೆ."

ಕುಮಾರ ಅಂದರೆ ಅಜ್ಜಿಯ ಮಗ, ಹುಡುಗಿಯ ಅಪ್ಪ. ಮಂಡಿಯಿಂದ ತೆಂಗಿನಕಾಯಿ ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಿದ್ದ. ಮನೆಯಲ್ಲಿ ಹೆಂಡತಿಯ ಫೋಟೊವನ್ನೂ ತೆಗೆದಿಟ್ಟಿದ್ದನಂತೆ, ಮಗು ನೋಡಿ ನೊಂದುಕೊಳ್ಳುತ್ತದೆ ಎಂದು.

ಈ ಮಗುವಿಗೆ ನಾನು ಒಂದು ತೊಟ್ಟು ನೋವೂ ತಾಗದಂತೆ ಪುಸ್ತಕ ಕೊಡುತ್ತೇನೆ ಎಂದು ತೀರ್ಮಾನಿಸಿಬಿಟ್ಟೆ. ಮಕ್ಕಳ ಮೇಜಿನ ಪಕ್ಕದ ಕಪಾಟನ್ನು ಅವತ್ತೇ ಸಂಜೆ ಪೂರ್ತಿ ಜಾಲಾಡಿದೆ. ಅಮ್ಮ ಇಲ್ಲದ, ಅಮ್ಮ ಬಿಟ್ಟುಹೋದ, ಅಮ್ಮನ ನೆನಪಿನಲ್ಲಿ ಯಾರೋ ಅಳುವ ಪುಸ್ತಕಗಳೆಲ್ಲ ಬೀರುವಿಗೆ ಹೋದವು. ಮುಗಿಯುವಷ್ಟರಲ್ಲಿ ಆ ಕಪಾಟಿನಲ್ಲಿ ಎಲ್ಲ ಅಮ್ಮಂದಿರೂ ಬದುಕಿದ್ದರು. ರೊಟ್ಟಿ ತಟ್ಟುತ್ತಿದ್ದರು, ಗದರುತ್ತಿದ್ದರು, ಜಾತ್ರೆಯಲ್ಲಿ ಬಳೆ ಕೊಡಿಸುತ್ತಿದ್ದರು. ನಾನು ಬೆನ್ನು ನೇರ ಮಾಡಿಕೊಂಡು, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

ಸಿಂಚನಾ ವಾರಕ್ಕೆ ಎರಡು ಸಲ ಬರತೊಡಗಿದಳು. ಪುಸ್ತಕ ಇಟ್ಟು, ಪುಸ್ತಕ ತೆಗೆದುಕೊಂಡು, ತಲೆ ತಗ್ಗಿಸಿ ಹೋಗುವಳು. ಒಂದು ಪುಸ್ತಕ ಮಾತ್ರ ನನಗೆ ತೊಡಕಾಯಿತು. ಬೆಟ್ಟದ ಮೇಲೆ ಕಳೆದುಹೋದ ಕುರಿಮರಿ ಹುಡುಕಲು ಹೋಗುವ ಹುಡುಗಿಯ ಕಥೆ, ಚೆಂದದ ಚಿತ್ರಗಳು. ನಡುವೆ ಎದುರುಬದುರಾದ ಎರಡು ಪುಟಗಳಲ್ಲಿ ಆ ಹುಡುಗಿಯ ತಾಯಿ ಜ್ವರ ಬಂದು ಮಲಗುತ್ತಾಳೆ. ಪುಸ್ತಕ ಕೊಡಬೇಕೆಂಬ ಆಸೆ, ಜ್ವರದ ಪುಟ ಓದಿಸಬಾರದೆಂಬ ಭಯ. ಏನು ಮಾಡಿದೆ ಗೊತ್ತೇ? ಸ್ಟೇಪ್ಲರ್ ತೆಗೆದುಕೊಂಡು ಆ ಎರಡು ಪುಟಗಳ ಅಂಚಿಗೆ ನಾಲ್ಕು ಪಿನ್ ಹೊಡೆದು ಮುಚ್ಚಿಬಿಟ್ಟೆ. ಪುಟದ ಮೂಲೆ ಮಡಿಸಿದವರಿಗೆ ಇಡೀ ರೀಡಿಂಗ್ ರೂಮಿಗೆ ಕೇಳುವಂತೆ ಬೈಯುತ್ತಿದ್ದವಳು ನಾನು.

ಆ ಪುಸ್ತಕ ಮೂರನೇ ದಿನ ವಾಪಸ್ಸು ಬಂತು. ಸಿಂಚನಾ ಅದನ್ನು ಮೇಜಿನ ಮೇಲಿಟ್ಟು ಹೊರಡಲಿಲ್ಲ. ನಿಂತೇ ಇದ್ದಳು. ನಾನು ಪುಸ್ತಕ ತೆರೆದು ನೋಡಿದೆ. ನಾಲ್ಕು ಪಿನ್ನುಗಳೂ ಇದ್ದವು, ಆದರೆ ಕಾಲುಗಳು ಕೈಯಲ್ಲಿ ಮಡಿಸಿದ ಹಾಗೆ ಸೊಟ್ಟಗಿದ್ದವು. ಅವಳು ಒಂದೊಂದನ್ನೇ ಬಿಚ್ಚಿ, ಓದಿ, ಅದೇ ತೂತಿಗೆ ವಾಪಸ್ ಚುಚ್ಚಿ ಮಡಿಸಿದ್ದಳು. ಬೆರಳ ತುದಿಯಲ್ಲಿ ಚುಚ್ಚಿದ ಗುರುತಿತ್ತು.

"ಜ್ವರ ಬತ್ತದೆ, ವಾಸಿ ಆಯ್ತದೆ. ಅಷ್ಟೇ ಇರೋದು. ಅದ್ನ ಯಾಕೆ ಮುಚ್ಚಿದ್ರಿ ಮೇಡಂ?" ಎಂದು ಕೇಳಿದಳು. ಆ ಹುಡುಗಿಯ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು.

ಬೈಂಡಿಂಗ್ ಸಡಿಲವಾಗಿತ್ತು ಎಂದೇನೋ ಸುಳ್ಳು ಹೇಳಲು ಹೋದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕಪಾಟಿನ ಕಡೆ ಕೈ ತೋರಿಸಿ, "ಇಲ್ಲಿ ಎಲ್ಲಾ ಪುಸ್ತಕದಾಗೂ ಅವ್ವ ಅವ್ಳೆ. ಅವ್ವ ಇಲ್ದಿರೋರ್ ಕಥೆ ಯಾರೂ ಬರ್ಯಾಕಿಲ್ವಾ?" ಅಂದಳು.

"ಬರೀತಾರೆ ಮಗಳೇ" ಅಂದೆ.

"ಮನೇಲೂ ಹಿಂಗೇಯ. ನಾನ್ ಹೋದ್ರೆ ಎಲ್ರೂ ಸುಮ್ಕಾಗೋಯ್ತಾರೆ. ನಾಕು ತಿಂಗ್ಳು ಆಸ್ಪತ್ರೇಲಿ ಇದ್ಲಲ್ಲ, ನನ್ನ ಒಂದ್ ದಿನಾನೂ ಕರ್ಕೊಂಡ್ ಹೋಗ್ನಿಲ್ಲ. ಮೇಡಂ, ನಮ್ಮವ್ವ ನನ್ನ ಬ್ಯಾಡ ಅಂದ್ಲಾ?"

ಅವಳು ಅಳಲಿಲ್ಲ. ಲೆಕ್ಕದ ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದಳು. ಹತ್ತು ವರ್ಷದ ಮಗು ಇಷ್ಟು ದಿನ ಈ ಒಂದು ಪ್ರಶ್ನೆಯನ್ನು ಒಳಗಿಟ್ಟುಕೊಂಡು ಓಡಾಡುತ್ತಿತ್ತು. ಮನೆಯವರು ಪ್ರೀತಿಯಿಂದ ಬಾಯಿ ಮುಚ್ಚಿಕೊಂಡಿದ್ದರು, ನಾನು ಪ್ರೀತಿಯಿಂದ ಪಿನ್ ಹೊಡೆದಿದ್ದೆ. ಎಲ್ಲರೂ ಸೇರಿ ಅವಳಿಗೆ ಹೇಳಿಕೊಟ್ಟದ್ದು ಒಂದೇ, ಅವಳವ್ವನ ವಿಷಯ ಯಾರೂ ಬಾಯಿಬಿಡಲಾಗದಷ್ಟು ಕೆಟ್ಟದ್ದು ಎಂದು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಬೇಕಾದವಳು ನಾನಲ್ಲ. "ನನಗೆ ಗೊತ್ತಿಲ್ಲ ಮಗಳೇ, ಗೊತ್ತಿರೋರನ್ನ ಕೇಳಬೇಕು" ಅಂದೆ. "ಅಪ್ಪನ್ ಕೇಳಾಕೆ ಭಯ" ಅಂದಳು.

ಅವಳು ಹೋದ ಮೇಲೆ ಬೀರು ತೆಗೆದೆ. ಒಂದು ಪುಸ್ತಕ ನನಗೆ ಬಾಯಿಪಾಠ ಅನ್ನುವಷ್ಟು ಗೊತ್ತಿತ್ತು. ಹನ್ನೆರಡು ಪುಟ್ಟ ಪುಟ್ಟ ಅಧ್ಯಾಯದ ಕಾದಂಬರಿ. ನಾಲ್ಕನೆಯದರಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ಬರೆದವರು ಗಡಿಬಿಡಿ ಮಾಡಿಲ್ಲ, ಸಮಾಧಾನವನ್ನೂ ಹೇಳಿಲ್ಲ. ಹುಡುಗಿಗೆ ಕೋಪ ಬರುತ್ತದೆ, ಅಂಬಲಿಯ ಮಡಕೆ ಎತ್ತಿ ಬಿಸಾಡುತ್ತಾಳೆ. ಬಾಚುವವರಿಲ್ಲದೆ ತಲೆ ತುಂಬ ಹೇನಾಗುತ್ತದೆ. ಕೊನೆಯಲ್ಲಿ ಅವಳು ಡಾಕ್ಟರೂ ಆಗುವುದಿಲ್ಲ, ಬಹುಮಾನವನ್ನೂ ಗೆಲ್ಲುವುದಿಲ್ಲ, ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದನ್ನು ಕಲಿಯುತ್ತಾಳೆ, ಅದೂ ಸೊಟ್ಟಗೆ. ನಂಜುಂಡಯ್ಯನವರ ನಿಯಮದ ಪ್ರಕಾರ ವಾಪಸ್ ಕಟ್ಟಬೇಕಾದ ಪುಸ್ತಕ.

ಅದನ್ನು ಸಿಂಚನಾಳ ಕೈಗೆ ಕೊಡಲಿಲ್ಲ. ಅಂಥ ಪುಸ್ತಕ ಮಗು ಮೂಲೆಯಲ್ಲಿ ಒಂಟಿಯಾಗಿ ಕೂತು ಓದುವುದಲ್ಲ, ಅದನ್ನು ಮನೆಗೇ ಕೊಡಬೇಕು. ಪುಟ್ಟಮ್ಮನನ್ನು ಕರೆಸಿ, "ಭಾನುವಾರ ಅವರೆಕಾಳು ನೆನೆಸಮ್ಮ. ನಿನ್ನ ಮಗನೂ ಕೂತು ಹಿತಕಲಿ. ಸಿಂಚನಾ ಇದನ್ನ ಗಟ್ಟಿಯಾಗಿ ಓದಲಿ" ಎಂದು ಹೇಳಿ ಕಳಿಸಿದೆ.

ಶನಿವಾರ ಬಾಗಿಲು ಹಾಕುವ ಹೊತ್ತಿಗೆ ಕುಮಾರನೇ ಬಂದ. ಖಾಕಿ ಅಂಗಿಯ ತುಂಬ ತೆಂಗಿನ ನಾರು. ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟ.

"ಇದು ಬ್ಯಾಡ ಮೇಡಂ. ತಿರುವಿ ನೋಡ್ದೆ. ಇದ್ರಾಗೆ ತಾಯಿ ಸಾಯ್ತಾಳೆ. ತಿಳಿದೋರಾಗಿ ನೀವು ಇಂಥದ್ ಕೊಡೋದಾ? ಮರೀತಾ ಅವ್ಳೆ, ನೆಪ್ಪು ಮಾಡ್ಬೇಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅವನ ಮಗಳು ಕೇಳಿದ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅದು ಅವಳು ನನ್ನನ್ನು ನಂಬಿ ಹೇಳಿದ್ದು, ಅಪ್ಪನನ್ನು ಕೇಳುವ ಹಕ್ಕು ಅವಳದು. ಅದರ ಬದಲು ಕುರಿಮರಿಯ ಪುಸ್ತಕ ತೆಗೆದು ಪಿನ್ ಹೊಡೆದ ಪುಟ ತೋರಿಸಿದೆ.

"ಇದು ನಾನು ಮಾಡಿದ್ದು ಕುಮಾರ. ನೀನು ಫೋಟೊ ತೆಗೆದಿಟ್ಟೆ, ನಾನು ಪುಟ ಮುಚ್ಚಿದೆ. ಅವಳು ಎಲ್ಲಾನೂ ಬಿಚ್ಚಿ ಓದಿ, ನಮಗೆ ಬೇಜಾರಾಗಬಾರದು ಅಂತ ಹೆಂಗಿತ್ತೋ ಹಂಗೇ ಮುಚ್ಚಿ ತಂದಿದಾಳೆ. ಅವಳು ಮರೀತಿಲ್ಲಪ್ಪ. ನಮ್ಮನ್ನ ಕಾಯ್ತಾ ಇದಾಳೆ."

ಅವನು ಆ ಸೊಟ್ಟ ಪಿನ್ನುಗಳ ಮೇಲೆ ಬೆರಳಾಡಿಸಿದ.

"ನಾಳೆ ನಾಲ್ಕನೇ ಅಧ್ಯಾಯ ಬಂದಾಗ ಎದ್ದು ಹೋಗಬೇಡ. ಅವಳು ಏನಾದ್ರೂ ಕೇಳಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳು."

"ಅವ್ಳು ಏನೂ ಕೇಳಾಕಿಲ್ಲ ಮೇಡಂ" ಅಂದ. ಆದರೂ ಪುಸ್ತಕ ತೆಗೆದುಕೊಂಡು ಹೋದ.

ಆ ಭಾನುವಾರ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ಅಪ್ಪನ ಬಾಯಿಂದ ಏನು ಉತ್ತರ ಬರುತ್ತದೋ ನನಗೆ ಗೊತ್ತಿರಲಿಲ್ಲ. ತಾಯಿ ನಿಜಕ್ಕೂ ಬೇಡ ಅಂದಿದ್ದರೆ? ಕಾಯಿಲೆಯ ಸಂಕಟದಲ್ಲಿ ಯಾರು ಏನನ್ನುತ್ತಾರೋ ಯಾರು ಬಲ್ಲರು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನಾನು ಬಾಗಿಲು ತೆಗೆದುಕೊಟ್ಟಿದ್ದೆ.

ಮಂಗಳವಾರ ಪುಟ್ಟಮ್ಮ ಒಬ್ಬಳೇ ಬಂದಳು. ಕಣ್ಣು ಊದಿತ್ತು.

"ಸಂದಾಗಿ ಓದ್ತು ತಾಯಿ ಕೂಸು. ಆ ಹೆಣ್ಮಗ್ಳು ಸತ್ತ ಜಾಗ ಬಂತು, ಆಗ್ಲೂ ನಿಲ್ಸನಿಲ್ಲ. ನನ್ ಕೈ ನಿಂತೋಯ್ತು. ಪುಸ್ತಕ ಮಡಗಿ ಅವ್ರಪ್ಪನ್ ಮೊಕ ನೋಡಿ ಕೇಳ್ಬುಟ್ಲು, ಅವ್ವ ನನ್ನ ಬ್ಯಾಡ ಅಂದ್ಲಾ ಅಂತ. ಕುಮಾರ ಕಾಳಿನ ಬೋಗುಣಿ ಪಕ್ಕಕ್ ತಳ್ಳಿ ಎದ್ದೋದ. ಆಟೊದಾಗೆ ಕುಂತ್ಕೊಂಡು ಕತ್ಲಾಗಗಂಟ ಒಳೀಕ್ ಬರ್ನಿಲ್ಲ. ಆವತ್ನಿಂದ ಅಪ್ಪ ಮಗ್ಳು ಮಾತಿಲ್ಲ. ನಾವ್ ಸುಮ್ಕಿದ್ರೇ ಸಂದಾಗಿತ್ತೇನೋ ಕಣವ್ವ."

ಅವಳನ್ನು ಕೂರಿಸಿ ನೀರು ಕೊಟ್ಟೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸರಿಯಾದ ಪುಸ್ತಕ ಸರಿಯಾದ ಮನೆಗೆ ಹೋದರೂ ಏನಾಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆ ಎರಡು ದಿನ ನಾನು ನನ್ನನ್ನು ಬೈದುಕೊಂಡಷ್ಟು ಯಾವ ಮೇಲಧಿಕಾರಿಯೂ ನನ್ನನ್ನು ಬೈದಿಲ್ಲ. ಬೀರುವಿಗೆ ಮತ್ತೆ ಬೀಗ ಹಾಕಲು ಎರಡು ಸಲ ಎದ್ದೆ. ಎರಡು ಸಲವೂ ಆ ಸೊಟ್ಟ ಪಿನ್ನುಗಳು ಕಣ್ಣ ಮುಂದೆ ಬಂದು ವಾಪಸ್ಸು ಕೂತೆ.

ಗುರುವಾರ ಶಾಲೆ ಬಿಟ್ಟ ಹೊತ್ತು. ರೀಡಿಂಗ್ ರೂಮಿನಲ್ಲಿ ಐದಾರು ಜನ ಪೇಪರ್ ಹಿಡಿದು ಕೂತಿದ್ದರು. ಹೊರಗೆ ಗೂಡ್ಸ್ ಆಟೊ ನಿಂತ ಸದ್ದಾಯಿತು. ಸಿಂಚನಾ ಬ್ಯಾಗ್ ಬೆನ್ನಿಗಿಟ್ಟುಕೊಂಡೇ ಓಡಿ ಬಂದಳು. ಆ ಹುಡುಗಿ ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ನನ್ನ ಮೇಜನ್ನು ಎರಡು ಕೈಯಲ್ಲೂ ಹಿಡಿದು, ಇಡೀ ರೂಮಿಗೆ ಕೇಳುವ ಹಾಗೆ ಕೂಗಿದಳು.

"ಮೇಡಂ! ನಮ್ಮವ್ವ ನನ್ನ ಕೇಳ್ತಿದ್ಲಂತೆ! ದಿನಾ ಕೇಳ್ತಿದ್ಲಂತೆ, ಸಿಂಚು ಎಲ್ಲಿ ಸಿಂಚು ಎಲ್ಲಿ ಅಂತ!"

ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಯಾರೂ ಶ್ ಅನ್ನಲಿಲ್ಲ, ನಾನಂತೂ ಅನ್ನುವ ಸ್ಥಿತಿಯಲ್ಲೇ ಇರಲಿಲ್ಲ. ಸೆರಗು ಹುಡುಕುತ್ತಿದ್ದೆ. ಕುಮಾರ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬಾ ಅಂದೆ. ಬಂದು ನೆಲ ನೋಡುತ್ತ ಹೇಳಿದ.

"ನಾನೇ ಕರ್ಕೊಂಡ್ ಹೋಗ್ನಿಲ್ಲ ಮೇಡಂ. ತಲೆಗೂದ್ಲೆಲ್ಲ ಉದ್ರೋಗಿತ್ತು ಅವ್ಳಿಗೆ. ಕೂಸು ನೋಡಿ ಹೆದರ್ಕತದೆ ಅಂತ, ನಾಳೆ ಕರ್ಕಬತ್ತೀನಿ ನಾಳೆ ಕರ್ಕಬತ್ತೀನಿ ಅಂದ್ಕಂಡೇ ದಿನ ತಳ್ಬುಟ್ಟೆ. ಮಂಗಳವಾರ ರಾತ್ರಿ ಅದ್ನೂ ಹೇಳ್ದೆ ಇವ್ಳಿಗೆ. ತಪ್ಪು ನಂದೇ ಅಂತ ಹೇಳ್ದೆ."

ಸಿಂಚನಾ ಒಂದು ಸಲ ಅಪ್ಪನನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು.

"ಅದ್ಕೇ ಎರಡ್ ದಿನ ಅಪ್ಪನ್ ಜೊತೆ ಮಾತು ಬುಟ್ಟಿದ್ದೆ ಮೇಡಂ. ಇವತ್ನಿಂದ ಆಡ್ತೀನಿ" ಎಂದಳು.